ಜಿಪ್ಸಂ ಬೋರ್ಡ್‌ಗೆ ಯಾವ ಸ್ಕ್ರೂ, ಎಷ್ಟು ಉದ್ದ, ಎಷ್ಟು ದೂರಕ್ಕೆ? ಮನೆಯಲ್ಲೇ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಫಾಲ್ಸ್ ಸೀಲಿಂಗ್ ಹಾಕಿ ಒಂದು ಮಳೆಗಾಲ ಕಳೆಯುವುದರೊಳಗೆ ಪೇಂಟ್ ಮೇಲೆ ಸಾಲಾಗಿ ಸಣ್ಣ ಉಬ್ಬುಗಳು ಏಳುತ್ತವೆ. ಪಾರ್ಟಿಷನ್ ಗೋಡೆಯನ್ನು ಅಂಗೈಯಿಂದ ಒತ್ತಿದರೆ ಬೋರ್ಡ್ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಕೆಲವು ಕಡೆ ಸ್ಕ್ರೂ ಸುತ್ತುತ್ತಲೇ ಇರುತ್ತದೆ, ಹಿಡಿಯುವುದೇ ಇಲ್ಲ. ಮನೆಯಲ್ಲೇ ಜಿಪ್ಸಂ ಬೋರ್ಡ್ ಕೆಲಸಕ್ಕೆ ಕೈ ಹಾಕಿದವರು ಮತ್ತೆ ಮತ್ತೆ ಹೇಳುವ ತೊಂದರೆಗಳು ಇವೇ. ಬೋರ್ಡೇ ಸರಿ ಇರಲಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಸ್ಕ್ರೂ ತಪ್ಪಾಗಿರುತ್ತದೆ, ಇಲ್ಲವೇ ಸರಿಯಾದ ಸ್ಕ್ರೂವನ್ನೇ ತಪ್ಪಾಗಿ ಬಿಗಿದಿರುತ್ತಾರೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಜಿಪ್ಸಂ ಸ್ಕ್ರೂ ಕೊಡಿ" ಅಂದರೆ ಕಪ್ಪು ಸ್ಕ್ರೂಗಳ ಒಂದು ಡಬ್ಬಿ ಕೈಗೆ ಬರುತ್ತದೆ. ಅದು ನಿಮ್ಮ ಕೆಲಸಕ್ಕೆ ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬೋರ್ಡ್ ಅಲ್ಲ, ಬೋರ್ಡಿನ ಹಿಂದೆ ಇರುವ ಫ್ರೇಮ್. ಆದ್ದರಿಂದ ಮೊದಲು ಫ್ರೇಮ್ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವ 12.5 ಮಿ.ಮೀ. ದಪ್ಪದ ಬೋರ್ಡಿಗೆ. ಬೇರೆ ದಪ್ಪಕ್ಕೆ ಲೆಕ್ಕ ಹಾಕುವುದು ಹೇಗೆ ಅಂತ 3ನೇ ಹಂತದಲ್ಲಿ ಇದೆ.

## ಶುರು ಮಾಡುವ ಮೊದಲು: ಬೋರ್ಡನ್ನು ಹಿಡಿದಿರುವುದು ಅದರ ಕಾಗದ

ಜಿಪ್ಸಂ ಬೋರ್ಡಿನ ಒಳಗಿನ ಬಿಳಿ ಭಾಗ ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತದೆ. ಅದಕ್ಕೆ ಬಲ ಬರುವುದು ಎರಡೂ ಮೈಗೆ ಅಂಟಿರುವ ದಪ್ಪ ಕಾಗದದಿಂದ. ಸ್ಕ್ರೂ ಬಿಗಿದಾಗ ಅದರ ತಲೆ ಈ ಕಾಗದವನ್ನು ಒತ್ತಿ ಹಿಡಿಯಬೇಕು. ಕಾಗದ ಹರಿದರೆ ತಲೆ ಪುಡಿಯ ಒಳಗೆ ಹೋಗಿ ಕೂರುತ್ತದೆ, ಆಮೇಲೆ ಅದು ಏನನ್ನೂ ಹಿಡಿಯುವುದಿಲ್ಲ.

ಜಿಪ್ಸಂ ಬೋರ್ಡಿಗೆಂದೇ ಮಾಡಿದ ಸ್ಕ್ರೂಗೆ ಡ್ರೈವಾಲ್ ಸ್ಕ್ರೂ ಎನ್ನುತ್ತಾರೆ. ಅದರ ತಲೆಯ ಕೆಳಭಾಗವನ್ನು ಹತ್ತಿರದಿಂದ ನೋಡಿ. ಅದು ತುತ್ತೂರಿಯ ಬಾಯಿಯಂತೆ ಬಾಗಿಕೊಂಡು ಅಗಲವಾಗುತ್ತದೆ. ಆ ಬಾಗಿನಿಂದಾಗಿ ಕಾಗದ ಕತ್ತರಿಸದೆ ಮೆಲ್ಲಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಮಾಮೂಲಿ ಮರದ ಸ್ಕ್ರೂಗೆ ಈ ಬಾಗು ಇಲ್ಲ. ಅದರ ತಲೆಯ ಅಂಚು ನೇರವಾಗಿ ಕಾಗದವನ್ನು ಕೊಯ್ಯುತ್ತದೆ. ಮನೆಯಲ್ಲಿ ಉಳಿದಿರುವ ಬೀರು ಸ್ಕ್ರೂ, ಬಾಗಿಲ ಸ್ಕ್ರೂಗಳನ್ನು ಇಲ್ಲಿ ಬಳಸಲೇಬೇಡಿ.

## ಹಂತ 1: ಫ್ರೇಮ್ ಯಾವುದು, ಎಷ್ಟು ದಪ್ಪ ನೋಡಿಕೊಳ್ಳಿ

ನಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿ ಹಾಕುವುದು ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ಸೆಕ್ಷನ್‌ಗಳು. ಸೀಲಿಂಗ್ ಸೆಕ್ಷನ್, ಸ್ಟಡ್ (ಗೋಡೆಯೊಳಗೆ ನೆಟ್ಟಗೆ ನಿಲ್ಲಿಸುವ ಪಟ್ಟಿ), ಫ್ಲೋರ್ ಚಾನೆಲ್ ಎಲ್ಲ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಹಳೆಯ ಕೆಲಸಗಳಲ್ಲಿ, ಬಡಗಿಗಳೇ ಮಾಡಿದ ಪಾರ್ಟಿಷನ್‌ಗಳಲ್ಲಿ, ಮರದ ರೀಪು ಅಥವಾ ಪ್ಲೈವುಡ್ ಫ್ರೇಮ್ ಸಿಗುತ್ತದೆ. ಹಳೆಯ ಫ್ರೇಮ್ ಮೇಲೆಯೇ ಹೊಸ ಬೋರ್ಡ್ ಹಾಕುವುದಾದರೆ ಒಂದು ಅಯಸ್ಕಾಂತ ತೆಗೆದುಕೊಂಡು ಹೋಗಿ. ಗೆರೆಯುದ್ದಕ್ಕೂ ಅಂಟಿದರೆ ತಗಡು. ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ ಮಾತ್ರ ಅಂಟಿದರೆ ಅದು ಮರದೊಳಗಿನ ಮೊಳೆ ಅಥವಾ ಸ್ಕ್ರೂ.

ಬಾಗಿಲ ಚೌಕಟ್ಟಿನ ಅಕ್ಕಪಕ್ಕ, ಎತ್ತರದ ಗೋಡೆಗಳಲ್ಲಿ ಕೆಲವರು ದಪ್ಪ ಸೆಕ್ಷನ್ ಅಥವಾ ಕಬ್ಬಿಣದ ಚೌಕ ಪೈಪ್ ಕೊಟ್ಟಿರುತ್ತಾರೆ. ಅಲ್ಲಿಗೆ ಬೇರೆ ಸ್ಕ್ರೂ ಬೇಕು. ಫ್ರೇಮಿನಲ್ಲಿ ಎರಡು ದಪ್ಪ ಇದ್ದರೆ ಎರಡು ಡಬ್ಬಿ ಸ್ಕ್ರೂ ತರಬೇಕು. ಇದನ್ನು ಈಗಲೇ ಬರೆದಿಟ್ಟುಕೊಳ್ಳಿ.

## ಹಂತ 2: ಥ್ರೆಡ್ ಆರಿಸಿ

ಕಪ್ಪು ಸ್ಕ್ರೂಗಳೆಲ್ಲ ಒಂದೇ ಥರ ಕಾಣುತ್ತವೆ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಂದರಲ್ಲಿ ಥ್ರೆಡ್, ಅಂದರೆ ಮೈಮೇಲಿನ ಸುರುಳಿ ಏಣು, ಒತ್ತೊತ್ತಾಗಿದೆ, ಇನ್ನೊಂದರಲ್ಲಿ ಬಿಡಿಬಿಡಿಯಾಗಿ ದೂರ ದೂರ ಇದೆ.

ತಗಡಿನ ಫ್ರೇಮಿಗೆ ಒತ್ತು ಥ್ರೆಡ್. ಅರ್ಧ ಮಿಲಿಮೀಟರ್ ತಗಡಿನಲ್ಲಿ ಹಿಡಿತ ಸಿಗಬೇಕಾದರೆ ಥ್ರೆಡ್‌ಗಳು ಹತ್ತಿರ ಇರಬೇಕು. ಬಿಡಿ ಥ್ರೆಡ್ ಹಾಕಿದರೆ ಅದು ತೂತಿನ ಅಂಚನ್ನು ಅಗಿದು ದೊಡ್ಡದು ಮಾಡುತ್ತದೆ. ಆಮೇಲೆ ಸ್ಕ್ರೂ ಸುಮ್ನೆ ಸುತ್ತುತ್ತದೆ. "ಎಷ್ಟು ತಿರುಗಿಸಿದರೂ ಬಿಗಿಯಾಗ್ತಿಲ್ಲ" ಎನ್ನುವ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಮರದ ಫ್ರೇಮಿಗೆ ಬಿಡಿ ಥ್ರೆಡ್. ಮರದಲ್ಲಿ ಒತ್ತು ಥ್ರೆಡ್ ಹಾಕಿದರೆ ನಡುವೆ ಪುಡಿ ತುಂಬಿಕೊಂಡು ಹಿಡಿತ ಕಡಿಮೆಯಾಗುತ್ತದೆ. ದೊಡ್ಡ ಥ್ರೆಡ್ ಮರದೊಳಗೆ ಆಳವಾಗಿ ಕಚ್ಚುತ್ತದೆ, ಬೇಗ ಒಳಗೂ ಹೋಗುತ್ತದೆ.

ದಪ್ಪ ತಗಡಿಗೆ ಡ್ರಿಲ್ ತುದಿಯ ಸ್ಕ್ರೂ. ತಗಡು 0.8 ಮಿ.ಮೀ. ದಾಟಿದರೆ ಸೂಜಿಮೊನೆಯ ಸ್ಕ್ರೂ ಒಳಗೆ ಹೋಗಲು ಒದ್ದಾಡುತ್ತದೆ. ಮೊನೆ ಬಿಸಿಯಾಗಿ ಮೊಂಡಾಗುತ್ತದೆ. ಅಷ್ಟರಲ್ಲಿ ಬೋರ್ಡಿನ ತೂತು ಅಗಲವಾಗಿ ಪುಡಿ ಉದುರುತ್ತದೆ. ತುದಿಯಲ್ಲಿ ಸಣ್ಣ ಡ್ರಿಲ್ ಬಿಟ್ ಇರುವ ಸ್ಕ್ರೂ ಕೇಳಿ ತನ್ನಿ. ಅದರಲ್ಲೂ ತಲೆ ಬಾಗಿದ ಆಕಾರದ್ದೇ ಇರಬೇಕು. ಶೀಟ್ ಛಾವಣಿಗೆ ಹಾಕುವ, ಆರು ಮೂಲೆ ತಲೆಯ ಸ್ಕ್ರೂ ಬೇಡ.

ಮರದ ಫ್ರೇಮ್ ಆದರೂ ಮೊಳೆ ಹೊಡೆಯಬೇಡಿ, ಅದರಲ್ಲೂ ಸೀಲಿಂಗ್‌ಗೆ. ಮರ ಒಣಗಿ ಕುಗ್ಗಿದಂತೆ ನುಣುಪು ಮೊಳೆ ಜಾರಿ ಹೊರಗೆ ಬರುತ್ತದೆ, ಅದರ ತಲೆ ಪುಟ್ಟಿಯನ್ನು ತಳ್ಳಿ ಉಬ್ಬಿಸುತ್ತದೆ.

## ಹಂತ 3: ಉದ್ದ ಲೆಕ್ಕ ಹಾಕಿ

ಲೆಕ್ಕ ಸುಲಭ. ತಗಡಾದರೆ ಬೋರ್ಡಿನ ದಪ್ಪಕ್ಕೆ 10 ಮಿ.ಮೀ. ಸೇರಿಸಿ. ಮರವಾದರೆ 16 ಮಿ.ಮೀ. ಸೇರಿಸಿ. ಬಂದ ಸಂಖ್ಯೆಗೆ ಸಮ ಅಥವಾ ಅದಕ್ಕಿಂತ ಮುಂದಿನ ಅಳತೆಯ ಸ್ಕ್ರೂ ತನ್ನಿ.

- ತಗಡಿನ ಮೇಲೆ ಒಂದು ಪದರ: 12.5 + 10 = 22.5. ತರಬೇಕಾದದ್ದು 25 ಮಿ.ಮೀ., ಅಂದರೆ ಅಂಗಡಿಯವರು ಹೇಳುವ ಒಂದು ಇಂಚು.
- ತಗಡಿನ ಮೇಲೆ ಎರಡು ಪದರ: ಮೊದಲ ಪದರಕ್ಕೆ ಅದೇ 25. ಎರಡನೆಯದಕ್ಕೆ ಎರಡೂ ಪದರದ ದಪ್ಪ ಸೇರಿ 25 + 10 = 35 ಮಿ.ಮೀ.
- ಮರದ ಮೇಲೆ ಒಂದು ಪದರ: 12.5 + 16 = 28.5. ತರಬೇಕಾದದ್ದು 32 ಮಿ.ಮೀ., ಒಂದೂಕಾಲು ಇಂಚು.

ಎರಡು ಪದರ ಹಾಕುವಾಗ ಮೊದಲ ಪದರಕ್ಕೆ ನಾಲ್ಕೈದು ಸ್ಕ್ರೂ ಹಾಕಿ, ಉಳಿದದ್ದನ್ನು ಎರಡನೆಯದರ ಉದ್ದ ಸ್ಕ್ರೂಗೆ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಪ್ರತಿ ಪದರಕ್ಕೂ ಅದರದ್ದೇ ಸ್ಕ್ರೂ ಇರಲಿ.

ಉದ್ದ ಜಾಸ್ತಿ ಇದ್ದರೆ ಗಟ್ಟಿ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ತಗಡಿನಲ್ಲಿ ಹಿಡಿತ ಸಿಗುವುದು ತಗಡು ಇರುವ ಅರ್ಧ ಮಿಲಿಮೀಟರಿನಲ್ಲಿ ಮಾತ್ರ, ಅದರಾಚೆ ಹೋದ ಉದ್ದ ಖಾಲಿ ಜಾಗದಲ್ಲಿ ನಿಂತಿರುತ್ತದೆ. ಅಲ್ಲಿ ವೈರಿಂಗ್ ಪೈಪ್ ಇದ್ದರೆ ಮೊನೆ ಅದನ್ನು ಚುಚ್ಚುತ್ತದೆ. ಉದ್ದ ಸ್ಕ್ರೂ ಒಳಗೆ ಹೋಗುವಾಗ ವಾಲುವುದೂ ಜಾಸ್ತಿ. ವಾಲಿದರೆ ತಲೆಯ ಒಂದು ಅಂಚು ಕಾಗದ ಕೊಯ್ಯುತ್ತದೆ. ಮರದಲ್ಲಿ ಇನ್ನೊಂದು ತೊಂದರೆ ಇದೆ. ಸ್ಕ್ರೂ ಎಷ್ಟು ಆಳ ಹೋಗಿದೆಯೋ ಅಷ್ಟು ದಪ್ಪದ ಮರದ ಕುಗ್ಗುವಿಕೆ ತಲೆಯ ಹತ್ತಿರ ಕಾಣಿಸಿಕೊಳ್ಳುತ್ತದೆ. ಹಸಿ ಮರಕ್ಕೆ ಎರಡು ಇಂಚಿನ ಸ್ಕ್ರೂ ಹಾಕಿದರೆ ಉಬ್ಬು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಹಸಿ ಮರವನ್ನು ಚೆನ್ನಾಗಿ ಒಣಗಲು ಬಿಡುವುದೇ ಅದಕ್ಕೆ ಪರಿಹಾರ.

ಅಮೆರಿಕದಲ್ಲಿ ಬೇಸ್‌ಮೆಂಟ್ ಕೆಲಸ ತಾವೇ ಮಾಡಿಕೊಳ್ಳುವ ನಮ್ಮವರಿಗೆ ಈ ಮರದ ಲೆಕ್ಕವೇ ಅನ್ವಯಿಸುತ್ತದೆ. ಅಲ್ಲಿ ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ. ಅರ್ಧ ಇಂಚಿನ ಬೋರ್ಡಿಗೆ ಒಂದೂಕಾಲು ಇಂಚಿನ, ಬಿಡಿ ಥ್ರೆಡ್‌ನ ಸ್ಕ್ರೂ ಸಾಕು. ಸೀಲಿಂಗ್‌ನಲ್ಲಿ 12 ಇಂಚಿಗೊಂದು, ಗೋಡೆಯಲ್ಲಿ 16 ಇಂಚಿಗೊಂದು ಹಾಕುವುದು ಅಲ್ಲಿನ ರೂಢಿ.

## ಹಂತ 4: ಮನೆ ಎಲ್ಲಿದೆ, ಕೋಣೆ ಯಾವುದು?

ಕಪ್ಪು ಸ್ಕ್ರೂಗಳ ಮೇಲಿರುವುದು ಫಾಸ್ಫೇಟ್ ಲೇಪ. ಒಣ ಕೋಣೆಗೆ ಅದು ಸಾಕು. ಪುಟ್ಟಿಯೂ ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಆದರೆ ತೇವವನ್ನು ಅದು ಜಾಸ್ತಿ ದಿನ ತಡೆಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯಲ್ಲಿ ಉಪ್ಪುಗಾಳಿ ಇದೆ. ಮಡಿಕೇರಿ, ಆಗುಂಬೆ ಕಡೆ ತಿಂಗಳುಗಟ್ಟಲೆ ಗೋಡೆ ಒಣಗುವುದಿಲ್ಲ. ಇಂಥ ಕಡೆ, ಮತ್ತು ಯಾವ ಊರಿನಲ್ಲಾದರೂ ಅಡುಗೆಮನೆ ಸಿಂಕ್ ಮೇಲೆ, ಬಚ್ಚಲಿನ ಸೀಲಿಂಗ್‌ನಲ್ಲಿ, ಸತು ಲೇಪದ ಡ್ರೈವಾಲ್ ಸ್ಕ್ರೂ ಹಾಕಿ. ಅದು ಬೆಳ್ಳಗೆ ಅಥವಾ ಹಳದಿ ಛಾಯೆಯಲ್ಲಿ ಹೊಳೆಯುತ್ತದೆ. ಪೇಂಟ್ ಮೇಲೆ ಬೇಳೆಕಾಳಿನಷ್ಟು ಕಂದು ಚುಕ್ಕೆಗಳು ಸಮ ಅಂತರದಲ್ಲಿ ಕಾಣಿಸಿಕೊಂಡರೆ ಒಳಗೆ ಸ್ಕ್ರೂ ತಲೆ ತುಕ್ಕು ಹಿಡಿದಿದೆ ಎಂದೇ ಅರ್ಥ.

ಹಸಿರು ಬಣ್ಣದ ಬೋರ್ಡ್ ತೇವಕ್ಕೆ ತಡೆಯುತ್ತದೆ ನಿಜ, ಆದರೆ ಶವರ್ ನೀರು ನೇರವಾಗಿ ಬೀಳುವ ಗೋಡೆಗೆ ಅದು ಅಲ್ಲ. ಅಲ್ಲಿ ಸಿಮೆಂಟ್ ಬೋರ್ಡ್ ಬೇಕು. ಸಿಮೆಂಟ್ ಬೋರ್ಡಿಗೆ ಅದರದ್ದೇ ಸ್ಕ್ರೂ ಸಿಗುತ್ತದೆ. ಕಪ್ಪು ಸ್ಕ್ರೂ ಅದರಲ್ಲಿ ಪೂರ್ತಿ ಒಳಗೆ ಕೂರುವ ಮೊದಲೇ ತಲೆ ಮುರಿದುಕೊಳ್ಳುತ್ತದೆ.

## ಹಂತ 5: ಫ್ರೇಮನ್ನು ಗೋಡೆಗೆ, ಸ್ಲ್ಯಾಬಿಗೆ ಹಿಡಿಸುವ ಫಾಸ್ಟನರ್

ಬೋರ್ಡ್ ಸ್ಕ್ರೂ ತಪ್ಪಾದರೆ ಉಬ್ಬು ಬರುತ್ತದೆ. ಇಲ್ಲಿ ತಪ್ಪಾದರೆ ಸೀಲಿಂಗೇ ಕೆಳಗೆ ಬರುತ್ತದೆ. 6×4 ಅಡಿಯ ಒಂದು ಬೋರ್ಡ್ ಸುಮಾರು 18 ಕೆ.ಜಿ. ತೂಗುತ್ತದೆ. ಒಂದು ಮಲಗುವ ಕೋಣೆಗೆ ಇಂಥ ಆರೇಳು ಬೋರ್ಡ್ ಹಿಡಿಸುತ್ತದೆ. ಅದರ ಮೇಲೆ ಫ್ರೇಮಿನ ತೂಕ ಬೇರೆ.

ಸ್ಲ್ಯಾಬಿಗೆ: ಮೇಲಿನಿಂದ ಇಳಿಬಿಡುವ ಸೀಲಿಂಗ್ ಆ್ಯಂಗಲ್‌ಗಳನ್ನು ಕ್ಲೀಟ್ (ಸ್ಲ್ಯಾಬಿಗೆ ಹಿಡಿಸುವ ಸಣ್ಣ ಲೋಹದ ತುಂಡು) ಮೂಲಕ ಸ್ಟೀಲ್ ಎಕ್ಸ್‌ಪಾನ್ಷನ್ ಫಾಸ್ಟನರ್‌ನಿಂದಲೇ ಹಿಡಿಸಬೇಕು. ಅಂಗಡಿಯಲ್ಲಿ ಆಂಕರ್, ಡ್ಯಾಶ್ ಫಾಸ್ಟನರ್ ಅಂದರೂ ಕೊಡುತ್ತಾರೆ. ಖರ್ಚು ಉಳಿಸಲು ಇಲ್ಲಿ ಪ್ಲಾಸ್ಟಿಕ್ ರಾವಲ್ ಪ್ಲಗ್ ಹಾಕುವುದನ್ನು ಬಹಳ ಕಡೆ ನೋಡಬಹುದು. ಗೋಡೆಯ ಪ್ಲಗ್ ಮೇಲೆ ಭಾರ ಬೀಳುವುದು ಅಡ್ಡಕ್ಕೆ. ಸ್ಲ್ಯಾಬಿನಲ್ಲಿ ಭಾರ ಸ್ಕ್ರೂವನ್ನು ನೇರವಾಗಿ ಹೊರಕ್ಕೆ ಎಳೆಯುತ್ತಿರುತ್ತದೆ, ಹಗಲೂ ರಾತ್ರಿ, ವರ್ಷಗಟ್ಟಲೆ. ಪ್ಲಾಸ್ಟಿಕ್ ಅದನ್ನು ತಾಳುತ್ತದೆ ಅಂತ ನಂಬಿ ಕೆಳಗೆ ಮಕ್ಕಳನ್ನು ಮಲಗಿಸಬೇಡಿ.

ತೂತಿನ ಅಳತೆ ಫಾಸ್ಟನರ್ ಡಬ್ಬಿಯ ಮೇಲೆ ಬರೆದಷ್ಟೇ ಇರಲಿ. ಒಳಗಿನ ಪುಡಿ ಊದಿ ತೆಗೆಯಿರಿ, ಪುಡಿ ಉಳಿದರೆ ಫಾಸ್ಟನರ್ ಪೂರ್ತಿ ಅರಳುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ. ಹಾಕಿದ ಪ್ರತಿಯೊಂದು ಆ್ಯಂಗಲ್ ಅನ್ನೂ ಕೈಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿ ನೋಡಿ. ಒಂಚೂರು ಜಾರಿದರೂ ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ತೂತು ಹಾಕಿ.

ಗೋಡೆಯ ಸುತ್ತಿನ ಚಾನೆಲ್‌ಗೆ: ನೈಲಾನ್ ಪ್ಲಗ್ ಮತ್ತು ಸ್ಕ್ರೂ, 610 ಮಿ.ಮೀ.ಗೊಂದು, ಅಂದರೆ ಎರಡಡಿಗೊಂದು. 35 ಮಿ.ಮೀ. ಸ್ಕ್ರೂ ಸಾಮಾನ್ಯ ಅಳತೆ. ಆದರೆ ಗಾರೆ ಎಷ್ಟು ದಪ್ಪ ಇದೆ ನೋಡಿಕೊಳ್ಳಿ. ಗಾರೆ ದಪ್ಪ ಇದ್ದರೆ ಪ್ಲಗ್ ಇಟ್ಟಿಗೆ ಮುಟ್ಟುವುದೇ ಇಲ್ಲ, ಬರೀ ಗಾರೆಯಲ್ಲಿ ನಿಲ್ಲುತ್ತದೆ. ಆಗ 50 ಮಿ.ಮೀ. ಪ್ಲಗ್ ಹಾಕಿ.

ಗೋಡೆ ಯಾವುದು ಎಂಬುದೂ ಮುಖ್ಯ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕ್ ಗೋಡೆಗಳು ಜಾಸ್ತಿ. ಹಗುರವಾದ ಈ ಬ್ಲಾಕ್‌ನಲ್ಲಿ ಹ್ಯಾಮರ್ ಹಾಕಿ ಡ್ರಿಲ್ ಮಾಡಿದರೆ ತೂತು ಅಗಲವಾಗಿ ಪ್ಲಗ್ ಸಡಿಲವಾಗುತ್ತದೆ. ಹ್ಯಾಮರ್ ಆಫ್ ಮಾಡಿ, ಬರೀ ತಿರುಗುವಂತೆ ಇಟ್ಟು ಕೊರೆಯಿರಿ. ಎಎಸಿಗೆಂದೇ ಮಾಡಿದ ಪ್ಲಗ್ ಕೇಳಿ ತನ್ನಿ. ಕರಾವಳಿಯ ಕೆಂಪುಕಲ್ಲಿನ ಗೋಡೆಗೂ ಇದೇ ಎಚ್ಚರಿಕೆ. ಅದರೊಳಗೆ ಸಹಜವಾಗಿಯೇ ಪೊಳ್ಳು ಇರುತ್ತದೆ, ಬಿಟ್ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಆ ಜಾಗ ಬಿಟ್ಟು ಎರಡು ಇಂಚು ಸರಿದು ಕೊರೆಯಿರಿ.

ತಗಡಿಗೆ ತಗಡು: ಸೆಕ್ಷನ್‌ಗಳನ್ನು ಒಂದಕ್ಕೊಂದು ಹಿಡಿಸಲು ಚಪ್ಪಟೆ ಅಗಲ ತಲೆಯ 13 ಮಿ.ಮೀ. ಸ್ಕ್ರೂ ಸಿಗುತ್ತದೆ. ಇಲ್ಲಿ ಡ್ರೈವಾಲ್ ಸ್ಕ್ರೂ ಹಾಕಿದರೆ ಅದರ ತಲೆ ಎದ್ದು ನಿಂತು ಬೋರ್ಡ್ ಸಮನಾಗಿ ಕೂರುವುದಿಲ್ಲ.

ಭಾರದ ವಸ್ತುಗಳಿಗೆ: ಬೋರ್ಡ್ ಮುಚ್ಚುವ ಮೊದಲೇ ಯೋಚಿಸಿ. ಫ್ಯಾನ್ ನೇರವಾಗಿ ಸ್ಲ್ಯಾಬಿನ ಹುಕ್ಕಿನಿಂದ ಇಳಿಯಬೇಕು, ಬೋರ್ಡಿಗಾಗಲಿ ಸೀಲಿಂಗ್ ಸೆಕ್ಷನ್‌ಗಾಗಲಿ ಅದರ ಭಾರ ತಾಗಬಾರದು. ಟಿವಿ, ಗೀಸರ್, ಅಡುಗೆಮನೆ ಶೆಲ್ಫ್ ಬರುವ ಪಾರ್ಟಿಷನ್‌ನಲ್ಲಿ ಎರಡು ಸ್ಟಡ್‌ಗಳ ನಡುವೆ ದಪ್ಪ ಪ್ಲೈವುಡ್ ಪಟ್ಟಿ ಕೂರಿಸಿ, ಅದು ಎಷ್ಟು ಎತ್ತರದಲ್ಲಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಶೆಲ್ಫ್ ಹಿಡಿಸುವಾಗ ಕಪ್ಪು ಡ್ರೈವಾಲ್ ಸ್ಕ್ರೂ ಬಳಸಬೇಡಿ. ಅದು ಗಡುಸು ಉಕ್ಕು, ಭಾರ ಬಿದ್ದಾಗ ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಶೆಲ್ಫಿಗೆ ದಪ್ಪ ಮರದ ಸ್ಕ್ರೂ ಬೇಕು.

## ಹಂತ 6: ಸಾಮಾನು ಮತ್ತು ಎಷ್ಟು ಸ್ಕ್ರೂ

ಕ್ಲಚ್ (ನಿಗದಿತ ಬಿಗಿತ ಬಂದಾಗ ತಿರುಗುವುದನ್ನು ನಿಲ್ಲಿಸುವ ವ್ಯವಸ್ಥೆ) ಇರುವ ಕಾರ್ಡ್‌ಲೆಸ್ ಡ್ರೈವರ್, ಪಿಎಚ್ 2 (ಪ್ಲಸ್ ಆಕಾರದ ತುದಿಯ) ಬಿಟ್, ಅಳತೆ ಟೇಪ್, ಪೆನ್ಸಿಲ್, ಪುಟ್ಟಿ ಪಟ್ಟಿ. ಇವಿಷ್ಟಿದ್ದರೆ ಸಾಕು. ಒಂದೇ ಒಂದು ಜಾಸ್ತಿ ಖರ್ಚು ಮಾಡುವುದಾದರೆ ಸುತ್ತ ಕಾಲರ್ ಇರುವ ಡ್ರೈವಾಲ್ ಬಿಟ್ ತನ್ನಿ. ಸ್ಕ್ರೂ ಸರಿಯಾದ ಆಳಕ್ಕೆ ಹೋದ ಕೂಡಲೇ ಕಾಲರ್ ಬೋರ್ಡಿಗೆ ತಾಗಿ ಬಿಟ್ ಬಿಟ್ಟುಕೊಳ್ಳುತ್ತದೆ. ಮಾಮೂಲಿ ಡ್ರಿಲ್ ಮೆಷಿನ್‌ಗೆ ಬಿಟ್ ಸಿಕ್ಕಿಸಿ ಹೊಡೆದರೆ ಆಳ ಕೈಗೆ ಸಿಗುವುದೇ ಇಲ್ಲ.

ಸೆಕ್ಷನ್‌ಗಳು 457 ಮಿ.ಮೀ.ಗೊಂದು ಇರುವ ಸೀಲಿಂಗ್‌ನಲ್ಲಿ 6×4 ಬೋರ್ಡ್ ಐದು ಸೆಕ್ಷನ್ ಮೇಲೆ ಕೂರುತ್ತದೆ. ನಡುವಿನ ಮೂರು ಸಾಲಿಗೆ ತಲಾ ಆರೇಳು, ಎರಡು ತುದಿಗೆ ಒಂಬತ್ತೊಂಬತ್ತು, ಒಟ್ಟು ಒಂದು ಬೋರ್ಡಿಗೆ 40 ಅಂತ ಲೆಕ್ಕ ಇಟ್ಟುಕೊಂಡು ಕೊಳ್ಳಿ.

## ಹಂತ 7: ಬಿಗಿಯುವ ಕ್ರಮ

1. ಕರೆಂಟ್ ಆಫ್ ಮಾಡಿ, ಗೆರೆ ಎಳೆಯಿರಿ. ಸೆಕ್ಷನ್ ಎಲ್ಲಿ ಬರುತ್ತದೆ ಅಂತ ಬೋರ್ಡ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಗೆರೆ ಇಲ್ಲದೆ ಅಂದಾಜಿನಲ್ಲಿ ಹೊಡೆದ ಸ್ಕ್ರೂಗಳಲ್ಲಿ ಕೆಲವು ಖಾಲಿ ಜಾಗಕ್ಕೆ ಹೋಗಿಯೇ ಹೋಗುತ್ತವೆ.

2. ಸ್ಟಡ್‌ನ ಬಾಯಿ ಯಾವ ಕಡೆಗಿದೆ ನೋಡಿ. ಪಾರ್ಟಿಷನ್ ಸ್ಟಡ್ ಒಂದು ಕಡೆ ಮುಚ್ಚಿ, ಇನ್ನೊಂದು ಕಡೆ ತೆರೆದಿರುತ್ತದೆ. ಎಲ್ಲ ಸ್ಟಡ್‌ಗಳ ಬಾಯಿಯೂ ನೀವು ಬೋರ್ಡ್ ಶುರು ಮಾಡುವ ಗೋಡೆಯ ಕಡೆಗೇ ತಿರುಗಿರಲಿ. ಆಗ ಮೊದಲ ಬೋರ್ಡಿನ ಅಂಚು ಸ್ಟಡ್‌ನ ತೆರೆದ ಅರ್ಧಕ್ಕೆ ಬಿಗಿಯಾಗುತ್ತದೆ, ಮುಂದಿನ ಬೋರ್ಡ್ ಗಟ್ಟಿ ಅರ್ಧದ ಮೇಲೆ ಕೂರುತ್ತದೆ. ತಿರುವುಮುರುವಾದರೆ ಎರಡನೇ ಬೋರ್ಡಿನ ಸ್ಕ್ರೂ ಒತ್ತುವಾಗ ತೆರೆದ ತುದಿ ಒಳಕ್ಕೆ ಬಾಗುತ್ತದೆ. ಜಾಯಿಂಟ್‌ನಲ್ಲಿ ಒಂದು ಬೋರ್ಡ್ ಮೇಲೆ, ಒಂದು ಕೆಳಗೆ ಆಗುವುದು ಹೀಗೆಯೇ.

3. ಒಬ್ಬರು ಒತ್ತಿ ಹಿಡಿಯಲಿ, ಇನ್ನೊಬ್ಬರು ಬಿಗಿಯಲಿ. ಬೋರ್ಡ್ ಮತ್ತು ಫ್ರೇಮ್ ನಡುವೆ ಸಂದು ಉಳಿದಿದ್ದರೆ ಸ್ಕ್ರೂ ಅದನ್ನು ಮುಚ್ಚುವುದಿಲ್ಲ. ಸಂದು ಹಾಗೇ ಉಳಿದು, ತಲೆ ಮಾತ್ರ ಕಾಗದ ಹರಿದುಕೊಂಡು ಒಳಗೆ ಹೋಗುತ್ತದೆ. ಸೀಲಿಂಗ್ ಬೋರ್ಡನ್ನು ಒಬ್ಬರೇ ತಲೆಯ ಮೇಲೆ ಹೊತ್ತು ಹೊಡೆಯಲು ಹೋಗಬೇಡಿ.

4. ನಡುವಿನಿಂದ ಅಂಚಿಗೆ ಹೋಗಿ. ನಾಲ್ಕು ಮೂಲೆ ಮೊದಲು ಬಿಗಿದರೆ ನಡುಭಾಗ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ.

5. ಅಂತರ ಕಾಯ್ದುಕೊಳ್ಳಿ. ಸೀಲಿಂಗ್‌ನಲ್ಲಿ 230 ಮಿ.ಮೀ.ಗೊಂದು, ಬೋರ್ಡಿನ ತುದಿಗಳಲ್ಲಿ 150ಕ್ಕೊಂದು. ಗೋಡೆಯಲ್ಲಿ 300ಕ್ಕೊಂದು, ಹೊರಮೂಲೆಗಳಲ್ಲಿ 200ಕ್ಕೊಂದು. ಕಾಗದ ಸುತ್ತಿದ ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗೆ, ಕತ್ತರಿಸಿದ ಅಂಚಿನಿಂದ 13 ಮಿ.ಮೀ. ಒಳಗೆ ಹಾಕಿ. ಕತ್ತರಿಸಿದ ಕಡೆ ಕಾಗದದ ಆಸರೆ ಇಲ್ಲ, ಹತ್ತಿರ ಹಾಕಿದರೆ ಅಂಚೇ ಉದುರುತ್ತದೆ. ಜಾಯಿಂಟ್‌ನ ಎರಡೂ ಪಕ್ಕದ ಸ್ಕ್ರೂಗಳು ಎದುರುಬದುರು ಬಾರದೆ ಹಿಂದೆಮುಂದೆ ಇರಲಿ.

6. ನೇರ ಹಿಡಿದು, ಶುರುವಿನಲ್ಲಿ ಒತ್ತಿ, ಆಮೇಲೆ ಸಡಿಲಿಸಿ. ಮೊನೆ ತಗಡನ್ನು ತೂತು ಮಾಡುವ ತನಕ ಗಟ್ಟಿಯಾಗಿ ಒತ್ತಬೇಕು. ಥ್ರೆಡ್ ಹಿಡಿದ ಕೂಡಲೇ ಸ್ಕ್ರೂ ತಾನೇ ಒಳಗೆ ಹೋಗುತ್ತದೆ. ಅಲ್ಲೂ ಒತ್ತುತ್ತಲೇ ಇದ್ದರೆ ತಲೆ ಕಾಗದ ಹರಿಯುತ್ತದೆ.

ತಲೆ ಎಲ್ಲಿ ನಿಲ್ಲಬೇಕು? ಬೋರ್ಡಿನ ಮಟ್ಟಕ್ಕಿಂತ ಒಂದು ಚೂರು ಒಳಗೆ, ಸುತ್ತಲಿನ ಕಾಗದ ಇಡಿಯಾಗಿ ಉಳಿದು ಸಣ್ಣ ಗುಳಿ ಬಿದ್ದಿರಬೇಕು. ಅಲ್ಲಿ ಬಿಳಿ ಪುಡಿ ಕಂಡರೆ ಕಾಗದ ಹರಿದಿದೆ. ಮೊದಲ ಬೋರ್ಡಿಗೆ ಕೈ ಹಾಕುವ ಮುಂಚೆ ಉಳಿಕೆ ತುಂಡನ್ನು ಒಂದು ಸೆಕ್ಷನ್ ಚೂರಿನ ಮೇಲಿಟ್ಟು ಕ್ಲಚ್ ಎಷ್ಟಕ್ಕೆ ಇಡಬೇಕು ಅಂತ ಹೊಂದಿಸಿಕೊಳ್ಳಿ.

## ಹಂತ 8: ತಪ್ಪಾದ ಸ್ಕ್ರೂ ಸರಿಮಾಡುವುದು

ಸ್ಕ್ರೂ ಸುತ್ತುತ್ತಲೇ ಇದ್ದರೆ ಅದೇ ತೂತಿಗೆ ಇನ್ನೂ ದಪ್ಪದ್ದು ತುರುಕಬೇಡಿ. ತೆಗೆದುಹಾಕಿ, ಅದೇ ಸೆಕ್ಷನ್ ಗೆರೆಯಲ್ಲಿ 50 ಮಿ.ಮೀ. ಸರಿದು ಹೊಸದು ಹಾಕಿ. ಕಾಗದ ಹರಿದಿದ್ದರೂ ಹೀಗೆಯೇ. ಹಿಡಿತ ಇಲ್ಲದ ಸ್ಕ್ರೂವನ್ನು ಪುಟ್ಟಿಯಡಿ ಬಿಟ್ಟರೆ ಮುಂದೆ ಉಬ್ಬಿ ಬರುವುದು ಅದೇ. ಸೆಕ್ಷನ್ ತಪ್ಪಿ ಖಾಲಿ ಜಾಗಕ್ಕೆ ಹೋದದ್ದನ್ನೂ ತೆಗೆಯಿರಿ. ಒಂದೇ ಸಾಲಿನಲ್ಲಿ ಎರಡು ಮೂರು ಸಲ ಹೀಗಾದರೆ ಸ್ಕ್ರೂ ಹಾಕುವುದನ್ನು ನಿಲ್ಲಿಸಿ, ಗೆರೆ ಮತ್ತೆ ಅಳೆಯಿರಿ. ಫ್ರೇಮ್ ಓರೆಯಾಗಿರುವ ಸಾಧ್ಯತೆ ಜಾಸ್ತಿ.

ಹಳೆಯ ಗೋಡೆಯಲ್ಲಿ ಈಗಾಗಲೇ ಉಬ್ಬು ಬಂದಿದ್ದರೆ ಮೇಲೆ ಪುಟ್ಟಿ ಬಳಿದು ಉಪಯೋಗವಿಲ್ಲ. ಬೋರ್ಡನ್ನು ಒತ್ತಿ ಹಿಡಿದು, ಉಬ್ಬಿನಿಂದ 50 ಮಿ.ಮೀ. ದೂರದಲ್ಲಿ ಹೊಸ ಸ್ಕ್ರೂ ಬಿಗಿದು, ಆಮೇಲೆ ಹಳೆಯದನ್ನು ತೆಗೆದು ಪುಟ್ಟಿ ತುಂಬಿ.

## ಹಂತ 9: ಪುಟ್ಟಿಗೆ ಮೊದಲು ಕೊನೆಯ ತಪಾಸಣೆ

ಟೇಪ್ ಅಂಟಿಸಿ ಪುಟ್ಟಿ ಎಳೆದ ಮೇಲೆ ಏನೂ ಕಾಣುವುದಿಲ್ಲ, ಹಾಗಾಗಿ ಈ ಕೆಲಸಕ್ಕೆ ಅರ್ಧ ಗಂಟೆ ಎತ್ತಿಡಿ. ಮೊಬೈಲ್ ಟಾರ್ಚನ್ನು ಬೋರ್ಡಿಗೆ ಒರಗಿಸಿದಂತೆ ಹಿಡಿದು ಸಾಲು ಸಾಲಾಗಿ ನೋಡಿ. ಎದ್ದು ನಿಂತ ತಲೆಗಳ ನೆರಳು ಉದ್ದಕ್ಕೆ ಬೀಳುತ್ತದೆ. ಪುಟ್ಟಿ ಪಟ್ಟಿಯನ್ನು ಪ್ರತಿ ಸಾಲಿನ ಮೇಲೂ ಎಳೆಯಿರಿ. ಟಕ್ ಅಂತ ಸದ್ದು ಬಂದ ಕಡೆ ತಲೆ ಹೊರಗಿದೆ, ಅದನ್ನು ಮೆಷಿನ್‌ನಲ್ಲಿ ಹೊಡೆಯದೆ ಕೈ ಸ್ಕ್ರೂಡ್ರೈವರ್‌ನಿಂದ ಅರ್ಧ ಸುತ್ತು ತಿರುಗಿಸಿ ಕೂರಿಸಿ. ಕೊನೆಗೆ ಪ್ರತಿ ಬೋರ್ಡಿನ ನಡುಭಾಗವನ್ನು ಅಂಗೈಯಿಂದ ಒತ್ತಿ. ಬೋರ್ಡ್ ಅಲುಗಿದರೆ ಅಲ್ಲಿ ಸ್ಕ್ರೂ ಸಾಲದು, ಅಥವಾ ಇರುವುದು ಫ್ರೇಮಿಗೆ ಸಿಕ್ಕಿಲ್ಲ. ಪುಟ್ಟಿ ಕಲಸುವ ಮೊದಲು ಆ ಸಾಲನ್ನು ಮತ್ತೆ ಬಿಗಿಯಿರಿ.